ನೆರೆಯ ನಂತರದ ನೆರವು: ಸಾಗಾಣಿಕೆ, ದಾಸ್ತಾನು ಮತ್ತು ವರ್ತಕರ ಹೊಣೆ

ಮಳೆಯನ್ನು ಕಂಡು ಹೆದರುವ ಪ್ರದೇಶ ನಮ್ಮದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟ, ಗದ್ದೆ, ವ್ಯಾಪಾರಗಳೆಲ್ಲವೂ ಮುಂಗಾರಿನ ಮೇಲೆಯೇ ನಿಂತಿವೆ. ಶೃಂಗೇರಿಯಲ್ಲಿ ತುಂಗೆ ಉಕ್ಕಿ ಕಪ್ಪೆ ಶಂಕರನ ಗುಡಿ ಮುಳುಗುವುದನ್ನೂ, ಗಾಂಧಿ ಮೈದಾನದ ಅಂಗಡಿಗಳಿಗೆ ನೀರು ಬರುವುದನ್ನೂ, ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವುದನ್ನೂ ನಾವು ಹಲವು ಮಳೆಗಾಲಗಳಲ್ಲಿ ಕಂಡಿದ್ದೇವೆ. ಎರಡು ದಿನ ಕಾದರೆ ನೀರು ಇಳಿಯುತ್ತದೆ, ಬದುಕು ಮತ್ತೆ ಎಂದಿನಂತೆ ಸಾಗುತ್ತದೆ ಎಂಬುದು ನಮ್ಮ ಹಿರಿಯರ ಅನುಭವವಾಗಿತ್ತು.

2018 ಮತ್ತು 2019ರ ಆಗಸ್ಟ್ ತಿಂಗಳುಗಳು ಈ ನಂಬಿಕೆಯನ್ನು ಅಲುಗಿಸಿದವು. 2018ರಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಮುಂತಾದೆಡೆ ಗುಡ್ಡಗಳೇ ಜರಿದು ಮನೆ, ತೋಟ, ರಸ್ತೆಗಳನ್ನು ಕೊಚ್ಚಿಕೊಂಡು ಹೋದವು. ಮರುವರ್ಷ ಅದೇ ಗತಿ ನಮ್ಮ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಗಳಿಗೆ ಒದಗಿತು. ಅದೇ ವಾರದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. ರಾಜ್ಯ ಸರ್ಕಾರವು 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಘೋಷಿಸಿತು. ಮೃತರ ಸಂಖ್ಯೆ ಎಂಬತ್ತನ್ನು ಮೀರಿತು.

ಇಂತಹ ಸಮಯದಲ್ಲಿ ಕೈ ನೀಡುವುದರಲ್ಲಿ ವರ್ತಕ ಸಮುದಾಯ ಎಂದೂ ಹಿಂದೆ ಬಿದ್ದಿಲ್ಲ. ನೆರೆಯ ಸುದ್ದಿ ಬಂದ ದಿನವೇ ಅಕ್ಕಿ ಮೂಟೆ, ಕಂಬಳಿ, ಬಿಸ್ಕತ್ತು, ಬಟ್ಟೆಗಳನ್ನು ತುಂಬಿದ ವಾಹನಗಳು ಹೊರಡುತ್ತವೆ. ಆದರೆ ಕೊಡುವ ಮನಸ್ಸಿಗೂ ಅದು ತಲುಪಬೇಕಾದವರಿಗೆ ತಲುಪುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ತುಂಬುವ ವಿದ್ಯೆ, ಅಂದರೆ ಸರಕನ್ನು ಕೊಳ್ಳುವ, ಎಣಿಸುವ, ಕೂಡಿಡುವ, ಸಾಗಿಸುವ ಮತ್ತು ಲೆಕ್ಕ ಒಪ್ಪಿಸುವ ವಿದ್ಯೆ, ವರ್ತಕರಲ್ಲಿ ಮೊದಲೇ ಇದೆ. ನೆರೆಯ ಕಾಲದಲ್ಲಿ ನಮ್ಮಿಂದ ಸಲ್ಲಬಹುದಾದ ಅತ್ಯಂತ ಬೆಲೆಯುಳ್ಳ ದಾನ ಇದೇ ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊದಲು ರಸ್ತೆಯನ್ನು ವಿಚಾರಿಸಿರಿ

ಬಯಲುಸೀಮೆಯ ನೆರೆಗೂ ಮಲೆನಾಡಿನ ನೆರೆಗೂ ಸಾಗಾಣಿಕೆಯ ದೃಷ್ಟಿಯಿಂದ ವ್ಯತ್ಯಾಸವಿದೆ. ಬಯಲಿನಲ್ಲಿ ನೀರು ಹರಡಿ ನಿಲ್ಲುತ್ತದೆ. ಇಳಿದ ಮೇಲೆ ರಸ್ತೆ ಬಹುಮಟ್ಟಿಗೆ ಉಳಿದಿರುತ್ತದೆ. ಮಲೆನಾಡಿನಲ್ಲಿ ನೀರು ಬೇಗ ಇಳಿಯುತ್ತದೆ, ಆದರೆ ರಸ್ತೆಯೇ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿ ಮುಚ್ಚಿತು, ಶಿರಾಡಿ ಘಾಟಿಯಲ್ಲಿ ಭಾರಿ ವಾಹನಗಳು ನಿಂತವು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಮಣ್ಣಿನಡಿ ಸಿಕ್ಕಿತು. ಕರಾವಳಿಗೆ ಹೋಗುವ ಸರಕಿನ ಒತ್ತಡವೆಲ್ಲ ಉಳಿದ ಘಾಟಿಗಳ ಮೇಲೆ ಬಿದ್ದಿತು. 2019ರಲ್ಲಿ ಚಾರ್ಮಾಡಿ ಘಾಟಿಯೇ ಕುಸಿದು ತಿಂಗಳುಗಟ್ಟಲೆ ಸಂಚಾರಕ್ಕೆ ಅಡ್ಡಿಯಾಯಿತು. ಒಂದು ವರ್ಷ ಆಸರೆಯಾದ ದಾರಿ ಮರುವರ್ಷ ಇರುತ್ತದೆ ಎಂಬ ಭರವಸೆ ಇಲ್ಲ.

ಆದುದರಿಂದ ಸಹಾಯ ಸಾಮಗ್ರಿಯನ್ನು ಕೂಡಿಸುವ ಮೊದಲೇ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಮೂರು. ಯಾವ ಕಡೆಯಿಂದ ಊರನ್ನು ಮುಟ್ಟಬಹುದು? ಆ ದಾರಿಯಲ್ಲಿರುವ ಸೇತುವೆ, ಮೋರಿಗಳು ಎಷ್ಟು ಭಾರ ತಾಳುತ್ತವೆ? ಕೊನೆಯ ಐದು ಕಿಲೋಮೀಟರಿಗೆ ಯಾವ ವಾಹನ ಹೋಗುತ್ತದೆ? ಕೇರಳದ ವಯನಾಡಿನ ಚೂರಲ್‌ಮಲೆಯಲ್ಲಿ 2024ರ ಜುಲೈ 30ರಂದು ಭೂಕುಸಿತವಾದಾಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರೊಳಗೆ ಕಟ್ಟಿ ಮುಗಿಸಿದರು. ಅದರ ಸಾಮರ್ಥ್ಯ 24 ಟನ್ನುಗಳಾಗಿತ್ತು. ಆ ಸೇತುವೆ ಆಗುವವರೆಗೆ ಆಚೆ ದಡಕ್ಕೆ ಭಾರಿ ಯಂತ್ರಗಳು ದಾಟಲು ದಾರಿಯಿರಲಿಲ್ಲ. ಕಟ್ಟಿದ ಮೇಲೂ ಎಷ್ಟು ಭಾರದ ವಾಹನ ದಾಟಬಹುದು ಎಂಬ ಮಿತಿ ಇದ್ದೇ ಇತ್ತು.

ನಮ್ಮ ತಾಲ್ಲೂಕುಗಳಲ್ಲಿ ತೋಟದ ಮಣ್ಣುರಸ್ತೆ, ಕಿರುಸೇತುವೆ, ಕಾಲುಸಂಕಗಳೇ ಹೆಚ್ಚು. ಹತ್ತು ಟನ್ನಿನ ಲಾರಿಯನ್ನು ಇಂತಹ ಕಡೆಗೆ ಕಳುಹಿಸಿದರೆ ಅದು ದಾರಿಯಲ್ಲಿ ಹೂತು, ಹಿಂದೆ ಬರುವ ಆಂಬುಲೆನ್ಸನ್ನೂ ತಡೆಯುತ್ತದೆ. ದೊಡ್ಡ ಲಾರಿ ಪಟ್ಟಣದ ಗೋದಾಮಿನವರೆಗೆ, ಪಿಕಪ್ ವಾಹನ ಗ್ರಾಮ ಪಂಚಾಯಿತಿಯವರೆಗೆ, ಜೀಪು ಅಥವಾ ತಲೆಹೊರೆ ಅಲ್ಲಿಂದ ಮುಂದಕ್ಕೆ, ಎಂದು ಮೂರು ಹಂತಗಳಲ್ಲಿ ಯೋಜಿಸುವುದು ಯುಕ್ತ. ಪ್ರತಿ ಹಂತದಲ್ಲಿಯೂ ಇಳಿಸಿ ಏರಿಸುವ ಹಮಾಲರ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸಾಮಗ್ರಿ ಉಚಿತವಾಗಿ ಬಂದರೂ ಸಾಗಾಣಿಕೆ ಉಚಿತವಾಗಿ ಬರುವುದಿಲ್ಲ. ಡೀಸೆಲ್, ಬಾಡಿಗೆ ಮತ್ತು ಕೂಲಿಗೆ ಹಣವಿಲ್ಲದೆ ಗೋದಾಮಿನಲ್ಲಿ ಉಳಿದ ಅಕ್ಕಿಯಿಂದ ಯಾರ ಹಸಿವೂ ತೀರದು.

ಮೊದಲ ಮೂರು ದಿನಗಳ ಲೆಕ್ಕ

ಮೊದಲ ದಿನಗಳ ಅಗತ್ಯವನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಪರಿಹಾರ ಕೇಂದ್ರಗಳಿಗೆ ಕನಿಷ್ಠ ಮಾನದಂಡಗಳನ್ನು ಗೊತ್ತುಪಡಿಸಿದೆ. ಅದರಂತೆ ಒಬ್ಬ ವ್ಯಕ್ತಿಗೆ 3.5 ಚದರ ಮೀಟರ್ ಸ್ಥಳ, ವಯಸ್ಕರಿಗೆ ದಿನಕ್ಕೆ 2,400 ಕಿಲೊ ಕ್ಯಾಲೊರಿಯಷ್ಟು ಆಹಾರ ಬೇಕು. ಕುಡಿಯಲು, ಅಡಿಗೆಗೆ, ಶುಚಿತ್ವಕ್ಕೆ ಸೇರಿ ತಲೆಗೆ ದಿನವೊಂದಕ್ಕೆ 15 ಲೀಟರ್ ನೀರು ಬೇಕೆಂಬುದು ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಕೈಪಿಡಿಯ ಅಳತೆ.

ಇನ್ನೂರು ಜನರಿರುವ ಒಂದು ಶಾಲೆಯ ಪರಿಹಾರ ಕೇಂದ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಥಳ 700 ಚದರ ಮೀಟರ್ ಬೇಕು, ನೀರು ದಿನಕ್ಕೆ 3,000 ಲೀಟರ್ ಬೇಕು. ತಲೆಗೆ 400 ಗ್ರಾಂ ಅಕ್ಕಿಯಂತೆ ದಿನಕ್ಕೆ 80 ಕಿಲೊ ಅಕ್ಕಿ, ಬೆಳಗಿನ ತಿಂಡಿಗೆ 20 ಕಿಲೊ ಅವಲಕ್ಕಿ ಅಥವಾ ರವೆ, 12 ಕಿಲೊ ಬೇಳೆ, 6 ಕಿಲೊ ಎಣ್ಣೆ, 6 ಕಿಲೊ ಸಕ್ಕರೆ, 30 ಕಿಲೊ ತರಕಾರಿ. ಒಟ್ಟು ದಿನಕ್ಕೆ ಸುಮಾರು 154 ಕಿಲೊ, ಮೂರು ದಿನಕ್ಕೆ 462 ಕಿಲೊ. ಅಂದರೆ ಇನ್ನೂರು ಜನರ ಮೂರು ದಿನದ ಆಹಾರವೆಲ್ಲ ಅರ್ಧ ಟನ್ನಿಗಿಂತ ಕಡಿಮೆ. ಒಂದು ಪಿಕಪ್ ವಾಹನದಲ್ಲಿ ಅಷ್ಟನ್ನೂ ಸಾಗಿಸಿ, ಉಳಿದ ಜಾಗದಲ್ಲಿ ಅಡುಗೆ ಅನಿಲದ ಸಿಲಿಂಡರು, ಪಾತ್ರೆ, ಟಾರ್ಪಾಲು, ಬ್ಲೀಚಿಂಗ್ ಪುಡಿಗಳನ್ನು ಒಯ್ಯಬಹುದು.

ಈ ಲೆಕ್ಕವು ಎರಡು ಸಂಗತಿಗಳನ್ನು ತಿಳಿಸುತ್ತದೆ. ಒಂದು, ಆರಂಭದ ದಿನಗಳಲ್ಲಿ ಬೇಕಾದ ಆಹಾರದ ತೂಕ ನಾವು ಭಾವಿಸುವಷ್ಟು ದೊಡ್ಡದಲ್ಲ. ಅದನ್ನು ತಾಲ್ಲೂಕಿನ ಸಗಟು ಅಂಗಡಿಗಳೇ ಒದಗಿಸಬಲ್ಲವು. ಎರಡು, ಆಹಾರಕ್ಕಿಂತ ಕಷ್ಟವಾದದ್ದು ನೀರು. ಹತ್ತಿರದ ಬಾವಿಯನ್ನು ಶುದ್ಧಗೊಳಿಸುವುದು, ಪಂಪಿಗೆ ಜನರೇಟರು ಒದಗಿಸುವುದು, ಶುಚಿಯಾದ ಟ್ಯಾಂಕು ಇಡುವುದು ಇವೇ ಮೊದಲ ಕೆಲಸಗಳು. ಬಾಟಲಿ ನೀರನ್ನು ದೂರದ ಊರಿನಿಂದ ತರಿಸಿದರೆ ವಾಹನದ ಜಾಗವೂ ಹಣವೂ ವ್ಯರ್ಥ, ಕೊನೆಗೆ ಹೊಳೆಯಂಚಿನಲ್ಲಿ ಪ್ಲಾಸ್ಟಿಕ್ ರಾಶಿಯಷ್ಟೇ ಉಳಿಯುತ್ತದೆ.

ಅಡಿಗೆಯ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಶೃಂಗೇರಿ, ಹೊರನಾಡು ಕ್ಷೇತ್ರಗಳಲ್ಲಿ ನಿತ್ಯ ಅನ್ನದಾಸೋಹ ನಡೆಯುತ್ತದೆ. ಮದುವೆ ಮಂಟಪಗಳೂ ಅಡಿಗೆ ಗುತ್ತಿಗೆದಾರರೂ ಪ್ರತಿ ಪಟ್ಟಣದಲ್ಲಿದ್ದಾರೆ. ಆಷಾಢದಲ್ಲಿ ಶುಭಕಾರ್ಯಗಳಿಲ್ಲದೆ ದೊಡ್ಡ ಪಾತ್ರೆ, ಒಲೆಗಳು ಖಾಲಿ ಇರುತ್ತವೆ. ಯಾರಲ್ಲಿ ಎಷ್ಟು ಜನರಿಗೆ ಬೇಯಿಸುವ ಪಾತ್ರೆಗಳಿವೆ ಎಂಬ ಪಟ್ಟಿ ಸಂಸ್ಥೆಯ ಕಚೇರಿಯಲ್ಲಿದ್ದರೆ ಅರ್ಧ ದಿನ ಉಳಿಯುತ್ತದೆ.

ಬೇಡದ ಸಾಮಗ್ರಿಯ ಹೊರೆ

ಪ್ರತಿಯೊಂದು ದೊಡ್ಡ ದುರಂತದ ನಂತರವೂ ನೆರೆಯಂತೆಯೇ ನುಗ್ಗಿ ಬರುವ ಇನ್ನೊಂದು ಪ್ರವಾಹವಿದೆ. ಅದು ಬೇಡದ ಸಾಮಗ್ರಿಯದು. 2004ರ ಸುನಾಮಿಯ ನಂತರ ನಾಗಪಟ್ಟಣದ ಸುತ್ತ ದೇಶದ ಎಲ್ಲೆಡೆಯಿಂದ ಬಂದ ಹಳೆಯ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿ ಬಿದ್ದಿದ್ದವು. ಮೀನುಗಾರ ಕುಟುಂಬಗಳಿಗೆ ಅವು ಬೇಕಾಗಿರಲಿಲ್ಲ, ಅವನ್ನು ತೊಡುವುದರಲ್ಲಿ ಅವಮಾನವೂ ಇತ್ತು. ಗೂಂಜ್ ಎಂಬ ಸಂಸ್ಥೆಯು ಆ ಬಟ್ಟೆಗಳನ್ನು ಕೂಡಿಸಿ, ವಿಂಗಡಿಸಿ, ಬೇರೆ ಉಪಯೋಗಕ್ಕೆ ತಿರುಗಿಸಬೇಕಾಯಿತು.

ಇದರ ನಷ್ಟ ಕೇವಲ ಬಟ್ಟೆಯದಲ್ಲ. ಬೇಡದ ಒಂದು ಮೂಟೆಯನ್ನು ತರಲು ಒಂದು ವಾಹನದ ಜಾಗ, ಇಳಿಸಲು ಇಬ್ಬರು ಹಮಾಲರು, ಇಡಲು ಗೋದಾಮಿನ ಮೂಲೆ, ವಿಂಗಡಿಸಲು ಸ್ವಯಂಸೇವಕರ ಒಂದು ದಿನ ಖರ್ಚಾಗುತ್ತದೆ. ಅದೇ ಹೊತ್ತಿಗೆ ಮಧುಮೇಹದ ಔಷಧ, ಮಗುವಿನ ಹಾಲುಪುಡಿ, ಸ್ತ್ರೀಯರ ಅಗತ್ಯದ ವಸ್ತುಗಳು ಎಲ್ಲಿಯೋ ಕೆಳಗಡೆ ಸಿಕ್ಕಿಕೊಂಡಿರುತ್ತವೆ. ಮಳೆಗಾಲದಲ್ಲಿ ಬೇಯಿಸಿದ ಆಹಾರದ ಪೊಟ್ಟಣ, ಬ್ರೆಡ್ಡು, ಹಣ್ಣುಗಳು ಮೂರು ತಾಸು ತಡವಾದರೂ ಹಾಳಾಗಿ ರೋಗಕ್ಕೆ ಕಾರಣವಾಗಬಹುದು. ಪಟ್ಟಿ ಕೇಳದೆ ಕಳುಹಿಸಿದ ಸಾಮಗ್ರಿಯಿಂದ ಕೊಟ್ಟವರಿಗೆ ತೃಪ್ತಿ ಸಿಗಬಹುದು. ಪಡೆದವರಿಗೆ ಅದು ಇನ್ನೊಂದು ಕೆಲಸ.

ಆದುದರಿಂದ ಸಂಸ್ಥೆಯು ಸಾರ್ವಜನಿಕ ಪ್ರಕಟಣೆ ನೀಡುವಾಗ ಬೇಕಾದ ವಸ್ತು, ಪ್ರಮಾಣ, ಕೊನೆಯ ದಿನ ಈ ಮೂರನ್ನೂ ಬರೆಯತಕ್ಕದ್ದು. "ಕಂಬಳಿಗಳು ಬೇಕು" ಎಂದರೆ ಸಾಲದು. "ಹೊಸ ಕಂಬಳಿ 150, ಗುರುವಾರ ಸಂಜೆಯೊಳಗೆ" ಎಂದಿರಬೇಕು. ಅಷ್ಟು ಬಂದ ಕೂಡಲೇ "ಕಂಬಳಿ ಸಾಕು" ಎಂಬ ಮರುಪ್ರಕಟಣೆಯೂ ಹೊರಡಬೇಕು. ಬೇಡ ಎಂದು ಹೇಳಲು ದಾಕ್ಷಿಣ್ಯಪಡುವುದು ಇಲ್ಲಿ ದೋಷವೇ ಆಗುತ್ತದೆ.

ಹತ್ತಿರದ ಅಂಗಡಿಯಿಂದಲೇ ಕೊಳ್ಳುವುದು

ಮಲೆನಾಡಿನ ಹಳ್ಳಿ ಅಂಗಡಿಯು ಸರಕು ಮಾರುವ ಸ್ಥಳ ಮಾತ್ರವಲ್ಲ, ಸುತ್ತಲಿನ ಮನೆಗಳ ಸಾಲದ ವ್ಯವಸ್ಥೆಯೂ ಹೌದು. ಅಡಿಕೆ ಕೊಯ್ಲು ಮಳೆ ನಿಂತ ಮೇಲೆ, ಅರೇಬಿಕಾ ಕಾಫಿ ನವೆಂಬರಿನಿಂದ, ರೊಬಸ್ಟಾ ಅದಕ್ಕೂ ತಡವಾಗಿ. ಹೀಗಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಸಣ್ಣ ಹಿಡುವಳಿದಾರರ ಕೈಯಲ್ಲಿ ಹಣವಿರುವುದಿಲ್ಲ. ಭಾರಿ ಮಳೆಯಲ್ಲಿ ತೋಟದ ಕೂಲಿಯೂ ನಿಲ್ಲುತ್ತದೆ. ಆ ನಾಲ್ಕು ತಿಂಗಳು ಸಂಸಾರ ನಡೆಯುವುದು ಅಂಗಡಿಯ ಉದ್ರಿ ಪುಸ್ತಕದ ಮೇಲೆ. ನೆರೆ ಬರುವುದೂ ಇದೇ ತಿಂಗಳುಗಳಲ್ಲಿ, ಕೊಳೆರೋಗ ಅಡಿಕೆಯನ್ನು ಉದುರಿಸುವುದೂ ಇದೇ ತಿಂಗಳುಗಳಲ್ಲಿ.

ನೆರೆಯಲ್ಲಿ ಅಂಗಡಿಗೆ ನೀರು ನುಗ್ಗಿ ಸರಕು ನೆನೆಯುತ್ತದೆ. ಉದ್ರಿ ಪಡೆದವರು ಮನೆ ಕಳೆದುಕೊಂಡಿರುತ್ತಾರೆ, ಬಾಕಿ ಬರುವ ಹಾಗಿಲ್ಲ. ಅಂತಹ ಅಂಗಡಿಯ ಎದುರಿಗೇ ಹೊರಗಿನಿಂದ ಬಂದ ಅಕ್ಕಿ, ಬೇಳೆಯನ್ನು ಒಂದು ತಿಂಗಳು ಉಚಿತವಾಗಿ ಹಂಚಿದರೆ ಅಂಗಡಿಕಾರ ಮತ್ತೆ ಏಳಲಾರ. ಪರಿಹಾರ ಕೇಂದ್ರ ಮುಚ್ಚಿ, ವಾಹನಗಳು ಹಿಂದಿರುಗಿದ ಮೇಲೆ ಆ ಊರಿನವರಿಗೆ ಉದ್ರಿ ಕೊಡುವವರೇ ಇರುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ತೀರಾ ಆರಂಭದ ಮೂರು ನಾಲ್ಕು ದಿನ ಕಳೆದು ರಸ್ತೆ ತೆರೆದ ಮೇಲೆ, ಸಾಮಗ್ರಿಯ ಬದಲು ಕೊಳ್ಳುವ ಶಕ್ತಿಯನ್ನು ಕೊಡುವುದು ಉತ್ತಮ. ಕುಟುಂಬವೊಂದಕ್ಕೆ ಗೊತ್ತಾದ ಮೊತ್ತದ ಚೀಟಿ ನೀಡಿ, ಅದನ್ನು ಊರಿನ ಅಂಗಡಿಯಲ್ಲಿ ದಿನಸಿಗೆ ಬಳಸುವಂತೆ ಮಾಡಬಹುದು. ಅಂಗಡಿಕಾರ ಚೀಟಿಗಳನ್ನು ವಾರಕ್ಕೊಮ್ಮೆ ಒಪ್ಪಿಸಿ ಸಂಸ್ಥೆಯಿಂದ ಹಣ ಪಡೆಯುತ್ತಾನೆ. ಅಂಗಡಿ ಮುಳುಗಿದ್ದರೆ ಪಟ್ಟಣದ ಸಗಟು ವ್ಯಾಪಾರಿಗಳು ಮೊದಲ ದಾಸ್ತಾನನ್ನು ಅರವತ್ತು ದಿನಗಳ ವಾಯಿದೆಗೆ ಕೊಡಬಹುದು. ಇದರಿಂದ ಸಂತ್ರಸ್ತರಿಗೆ ತಮಗೆ ಬೇಕಾದುದನ್ನು ತಾವೇ ಆರಿಸುವ ಮರ್ಯಾದೆ ಉಳಿಯುತ್ತದೆ, ಅಂಗಡಿ ತೆರೆಯುತ್ತದೆ, ಸಾಗಾಣಿಕೆ ವೆಚ್ಚವೂ ಇಳಿಯುತ್ತದೆ.

ಈ ಪದ್ಧತಿ ನಿಲ್ಲುವುದು ಬೆಲೆಯ ಮೇಲಿನ ನಂಬಿಕೆಯಿಂದ. ಮೇಣದ ಬತ್ತಿ, ಟಾರ್ಪಾಲು, ಸೀಮೆಂಟ್ ಶೀಟು, ಡೀಸೆಲ್‌ಗಳಿಗೆ ನೆರೆಯ ವಾರದಲ್ಲಿ ದರ ಏರಿಸಿದವರನ್ನು ಜನ ಹತ್ತು ವರ್ಷ ಮರೆಯುವುದಿಲ್ಲ. ನೆರೆಗೆ ಹಿಂದಿನ ವಾರದ ದರಪಟ್ಟಿಯನ್ನು ಸಂಸ್ಥೆಯೇ ಅಂಗಡಿಗಳ ಮುಂದೆ ಅಂಟಿಸುವುದು ಎಲ್ಲರಿಗೂ ಗೌರವ ತರುವ ಕ್ರಮ.

ಗೋದಾಮಿನ ಶಿಸ್ತು

ಕೊಪ್ಪದ ಬಾಳಗಡಿಯಲ್ಲಿ ಒಂದು ಸಂಗ್ರಹ ಕೇಂದ್ರ ತೆರೆಯುತ್ತೇವೆ ಎಂದು ಭಾವಿಸಿ, ಅದು ಹೇಗೆ ನಡೆಯಬೇಕೆಂಬುದನ್ನು ನೋಡೋಣ. ಸ್ಥಳವು ಹೊಳೆಯ ಮಟ್ಟಕ್ಕಿಂತ ಎತ್ತರದಲ್ಲಿರಬೇಕು, ಗುಡ್ಡದ ಕಡಿದಾದ ಬರೆಯ ಕೆಳಗಿರಬಾರದು. ಲಾರಿ ತಿರುಗಲು ಅಂಗಳ ಬೇಕು, ನೆಲದ ತೇವ ತಾಗದಂತೆ ಮೂಟೆಗಳ ಕೆಳಗೆ ಹಲಗೆ ಬೇಕು. ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಬೇರೆಯಾಗಿದ್ದರೆ ಅರ್ಧ ಗೊಂದಲ ತಪ್ಪುತ್ತದೆ.

ಒಳಬರುವ ಸರಕಿಗೆ ಒಂದು ವಹಿ, ಹೊರಹೋಗುವ ಸರಕಿಗೆ ಒಂದು ವಹಿ, ಪ್ರತಿ ವಸ್ತುವಿಗೆ ಒಂದು ದಾಸ್ತಾನು ಹಾಳೆ. ಹೊರಹೋಗುವ ಪ್ರತಿ ವಾಹನಕ್ಕೆ ಮೂರು ಪ್ರತಿಗಳ ರವಾನೆ ಚೀಟಿ. ಒಂದು ಗೋದಾಮಿನಲ್ಲಿ ಉಳಿಯುತ್ತದೆ, ಒಂದು ಪಡೆದವರಲ್ಲಿ ಉಳಿಯುತ್ತದೆ, ಒಂದು ಪಡೆದವರ ಸಹಿಯೊಡನೆ ಚಾಲಕನ ಕೈಯಲ್ಲಿ ಹಿಂದಿರುಗುತ್ತದೆ. ಮೂರನೆಯದು ಬಾರದ ವಾಹನಕ್ಕೆ ಮತ್ತೆ ಸರಕು ತುಂಬತಕ್ಕದ್ದಲ್ಲ. ಹೀಗೆ ಮಾಡುವುದು ಯಾರನ್ನೋ ಸಂಶಯಿಸುವುದಕ್ಕಾಗಿ ಅಲ್ಲ, ಯಾವ ಊರಿಗೆ ಏನು ತಲುಪಿಲ್ಲ ಎಂಬುದು ಅದೇ ಸಂಜೆ ತಿಳಿಯಲಿ ಎಂಬುದಕ್ಕಾಗಿ. ರಸ್ತೆಯ ಬದಿಯ ಊರುಗಳಿಗೆ ಐದು ವಾಹನಗಳು, ಒಳಗಿನ ಕಾಲೊನಿಗೆ ಒಂದೂ ಇಲ್ಲ ಎಂಬ ಅನ್ಯಾಯ ನಡೆಯುವುದು ಕೆಟ್ಟ ಮನಸ್ಸಿನಿಂದಲ್ಲ, ಲೆಕ್ಕವಿಲ್ಲದುದರಿಂದ. ತೋಟದ ಲೈನುಮನೆಗಳಲ್ಲಿರುವ ಹೊರ ಊರಿನ ಕಾರ್ಮಿಕರು ಇಂತಹ ಪಟ್ಟಿಗಳಿಂದ ಬಿಟ್ಟುಹೋಗುವ ಮೊದಲಿಗರು. ಅವರ ಹೆಸರು ಸ್ಥಳೀಯ ಪಡಿತರ ಚೀಟಿಯಲ್ಲಿಯೂ ಇರುವುದಿಲ್ಲ, ಮತದಾರರ ಪಟ್ಟಿಯಲ್ಲಿಯೂ ಇರುವುದಿಲ್ಲ.

ಆಡಳಿತದೊಡನೆ ಹೊಂದಾಣಿಕೆ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. ಪರಿಹಾರ ಕೇಂದ್ರ ಎಲ್ಲಿ, ಯಾವ ದಾರಿ ತೆರೆದಿದೆ, ಯಾವ ಊರು ತೆರವಾಗಿದೆ ಎಂಬ ಅಧಿಕೃತ ಮಾಹಿತಿ ಅಲ್ಲಿಂದ ಬರಬೇಕು. ಜಿಲ್ಲಾ ಸಹಾಯವಾಣಿ 1077, ರಾಜ್ಯ ಸಹಾಯವಾಣಿ 1070. ಮಳೆಯ ಪ್ರಮಾಣಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ವಿವರ ನೀಡುತ್ತದೆ. ಬೆಟ್ಟದ ಮೇಲಣ ಪಂಚಾಯಿತಿಯಲ್ಲಿ ಬಿದ್ದ ಮಳೆ ಕೆಲವು ತಾಸುಗಳಲ್ಲಿ ಕೆಳಗಿನ ಪೇಟೆಗೆ ನೀರಾಗಿ ಬರುತ್ತದೆ. ಆದ್ದರಿಂದ ನದಿತೀರದ ಅಂಗಡಿಕಾರರಿಗೆ ಈ ವಿವರ ಬಹಳ ಉಪಯುಕ್ತ.

ಅದೇ ಕಾಯ್ದೆಯ 65ನೆಯ ಕಲಮಿನಂತೆ ತುರ್ತು ಸಂದರ್ಭದಲ್ಲಿ ವಾಹನ, ಕಟ್ಟಡ, ಸಾಮಗ್ರಿಗಳನ್ನು ಸರ್ಕಾರ ವಶಕ್ಕೆ ಪಡೆಯಬಹುದು. ಅದಕ್ಕೆ ಪರಿಹಾರ ಧನ ಕೊಡಬೇಕೆಂದು 66ನೆಯ ಕಲಮು ಹೇಳುತ್ತದೆ. ವಾಹನ ಒಪ್ಪಿಸುವಾಗ ಲಿಖಿತ ಆದೇಶದ ಪ್ರತಿಯನ್ನು ಪಡೆದು, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ.

ಆಡಳಿತದೊಡನೆ ಸಂಸ್ಥೆಯ ಪರವಾಗಿ ಒಬ್ಬರೇ ಮಾತನಾಡಬೇಕು. ಇಪ್ಪತ್ತು ಸದಸ್ಯರು ಇಪ್ಪತ್ತು ಬಾರಿ ತಹಸೀಲ್ದಾರರಿಗೆ ದೂರವಾಣಿ ಕರೆ ಮಾಡಿದರೆ ಇಪ್ಪತ್ತು ಉತ್ತರಗಳು ಬರುತ್ತವೆ.

ತೆರಿಗೆ ಮತ್ತು ಲೆಕ್ಕಪತ್ರ

ದಾನದ ವಿಷಯದಲ್ಲಿ ತೆರಿಗೆಯನ್ನು ಪ್ರಸ್ತಾಪಿಸುವುದು ಸಣ್ಣತನವಲ್ಲ. ಲೆಕ್ಕ ತಪ್ಪಿದರೆ ಮುಂದಿನ ಬಾರಿ ಕೊಡುವ ಕೈ ಹಿಂಜರಿಯುತ್ತದೆ.

ಅಂಗಡಿಯ ಸರಕನ್ನು ಉಚಿತವಾಗಿ ಕೊಟ್ಟಾಗ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನಂತೆ ಆ ಸರಕಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ನೆರೆಯಲ್ಲಿ ನಾಶವಾದ ಸರಕಿಗೂ ಇದೇ ನಿಯಮ. ಆದ್ದರಿಂದ ದೊಡ್ಡ ಮೊತ್ತದ ಸರಕಾದರೆ ಪರಿಹಾರ ನಿಧಿಗೆ ಅಸಲು ದರದಲ್ಲಿ ಕ್ರಮಬದ್ಧ ಬಿಲ್ಲು ಮಾಡಿ ಮಾರಿ, ಹಣವನ್ನು ಬ್ಯಾಂಕಿನ ಮೂಲಕ ಪ್ರತ್ಯೇಕವಾಗಿ ದಾನ ಮಾಡುವುದು ಲೆಕ್ಕಕ್ಕೆ ಸ್ವಚ್ಛ. 50,000 ರೂಪಾಯಿ ಮೀರಿದ ತೆರಿಗೆಯುಳ್ಳ ಸರಕು ಉಚಿತವಾಗಿ ಹೋಗುತ್ತಿದ್ದರೂ ಇ–ವೇ ಬಿಲ್ಲು ಮತ್ತು ಡೆಲಿವರಿ ಚಲನ್ ಬೇಕು. ಪರಿಹಾರ ಸಾಮಗ್ರಿ ಎಂಬ ಬ್ಯಾನರು ಅದಕ್ಕೆ ಬದಲಿಯಲ್ಲ.

ಆದಾಯ ತೆರಿಗೆಯಲ್ಲಿ 80ಜಿ ಎಂದು ನಮಗೆಲ್ಲ ಪರಿಚಿತವಾದ ರಿಯಾಯಿತಿಯು ಹಣದ ದಾನಕ್ಕೆ ಮಾತ್ರ, ವಸ್ತುವಿನ ದಾನಕ್ಕಿಲ್ಲ. 2,000 ರೂಪಾಯಿ ಮೀರಿದ ನಗದು ದಾನಕ್ಕೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೆ ಈ ರಿಯಾಯಿತಿ ದೊರೆಯದು. ಇನ್ನು ನಮ್ಮಿಂದ ಸರಕು ಕೊಳ್ಳುವ ದೊಡ್ಡ ಕಂಪನಿಗಳಿಗೆ ಸಾಮಾಜಿಕ ಹೊಣೆಗಾರಿಕೆಯ ನಿಧಿ ಕಡ್ಡಾಯವಾಗಿದ್ದು, 2019ರಿಂದ ವಿಪತ್ತು ಪರಿಹಾರ ಮತ್ತು ಪುನರ್ವಸತಿಯೂ ಅದರ ಪಟ್ಟಿಯಲ್ಲಿ ಸೇರಿದೆ. ಆದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟ ಹಣ ಅದರಲ್ಲಿ ಸಲ್ಲುವುದಿಲ್ಲ, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದು ಸಲ್ಲುತ್ತದೆ. ದೊಡ್ಡ ಗ್ರಾಹಕರನ್ನು ನೆರವು ಕೇಳುವಾಗ ಈ ವ್ಯತ್ಯಾಸ ತಿಳಿದಿರಬೇಕು. ಪ್ರತಿಯೊಬ್ಬರೂ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಿ ಮುಂದುವರಿಯುವುದು ಒಳಿತು.

ನಿಧಿಯ ಜಮಾ ಖರ್ಚನ್ನು ತಿಂಗಳೊಳಗೆ ಸೂಚನಾ ಫಲಕದಲ್ಲಿಯೂ, ಮುಂದಿನ ಸಂಚಿಕೆಯಲ್ಲಿಯೂ ಪ್ರಕಟಿಸುವುದು ಕಡ್ಡಾಯವಾಗಬೇಕು.

ನೀರು ಇಳಿದ ಮೇಲೆ

ನೆರೆಯ ಸುದ್ದಿ ಪತ್ರಿಕೆಗಳಿಂದ ಮರೆಯಾಗುವ ಹೊತ್ತಿಗೆ ನಿಜವಾದ ಕಷ್ಟ ಆರಂಭವಾಗುತ್ತದೆ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು ಮತ್ತು ಮದೆಯ ಬಡಾವಣೆಗಳ ಮನೆಗಳು ಹಸ್ತಾಂತರವಾದದ್ದು 2020ರ ಜೂನ್ ತಿಂಗಳಲ್ಲಿ. ಸುಮಾರು ಎರಡು ವರ್ಷ ಅವರು ಬಾಡಿಗೆ ಮನೆಗಳಲ್ಲಿ, ಬಂಧುಗಳಲ್ಲಿ ಇರಬೇಕಾಯಿತು. 2009ರ ಉತ್ತರ ಕರ್ನಾಟಕದ ನೆರೆಯ ನಂತರ "ಆಸರೆ" ಯೋಜನೆಯಲ್ಲಿ ದಾನಿಗಳು, ಉದ್ಯಮಗಳು ಮನೆಗಳನ್ನು ಕಟ್ಟಿಸಿಕೊಟ್ಟವು. ಹೊಲ, ಕೆಲಸಗಳಿಗೆ ದೂರವಾದ, ನೀರು ರಸ್ತೆಗಳ ಸೌಕರ್ಯವಿಲ್ಲದ ಕೆಲವೆಡೆ ಆ ಮನೆಗಳು ಬಹುಕಾಲ ಖಾಲಿ ಬಿದ್ದವು. ಕಟ್ಟಿಸುವ ಮುನ್ನ ಇರಬೇಕಾದವರನ್ನು ಕೇಳಬೇಕೆಂಬ ಪಾಠವನ್ನು ನಾವು ಮರೆಯಬಾರದು.

ಈ ಎರಡನೆಯ ಹಂತದಲ್ಲಿ ನಮ್ಮಂತಹ ಸಣ್ಣ ಸಂಸ್ಥೆಗಳು ಮಾಡಬಹುದಾದುದು ದುಡಿಮೆಯ ಸಾಧನವನ್ನು ಹಿಂದಿರುಗಿಸುವುದು. ದರ್ಜಿಗೆ ಹೊಲಿಗೆ ಯಂತ್ರ, ಬಡಗಿಗೆ ಉಪಕರಣ, ಹಿಟ್ಟಿನ ಗಿರಣಿಗೆ ಮೋಟಾರು, ಸಣ್ಣ ಅಂಗಡಿಗೆ ಮೊದಲ ದಾಸ್ತಾನು. 2019ರಲ್ಲಿ ಬೆಳಗಾವಿಯ ನೇಕಾರರ ಮನೆಗಳಿಗೆ ನೀರು ನುಗ್ಗಿ ಮಗ್ಗ, ನೂಲುಗಳು ಹಾಳಾದವು. ಅಕ್ಕಿ ಒಂದು ತಿಂಗಳಿಗೆ ಸಾಕಾಗುತ್ತದೆ, ಮಗ್ಗ ನಡೆದರೆ ವರ್ಷಗಟ್ಟಲೆ ಅಕ್ಕಿ ತಾನಾಗಿ ಬರುತ್ತದೆ.

ನೆರೆಗೆ ಸಿಕ್ಕಿದ ವರ್ತಕರೂ ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ನೆನೆದ ಸರಕನ್ನು ವಿಮಾ ಸರ್ವೇಯರು ನೋಡುವ ಮೊದಲು ಎಸೆಯಬಾರದು. ಕೂಡಲೇ ಲಿಖಿತ ಸೂಚನೆ ಕೊಟ್ಟು, ಛಾಯಾಚಿತ್ರ ತೆಗೆದಿಡಬೇಕು. ನೀರಿನಲ್ಲಿ ನಿಂತ ವಾಹನದ ಎಂಜಿನನ್ನು ಚಾಲು ಮಾಡಬಾರದು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ "ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ" ಎಂಬ ಪಾಲಿಸಿಯು ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗೆ ಬೆಂಕಿಯೊಡನೆ ನೆರೆ, ಭೂಕುಸಿತಗಳಿಗೂ ರಕ್ಷಣೆ ನೀಡುತ್ತದೆ. ಆದರೆ ಕಟ್ಟಡವನ್ನು ಮಾತ್ರ ವಿಮೆ ಮಾಡಿಸಿ ದಾಸ್ತಾನನ್ನು ಬಿಟ್ಟರೆ, ಅಥವಾ ಹಬ್ಬದ ಕಾಲದ ದಾಸ್ತಾನಿಗೆ ತೀರ ಕಡಿಮೆ ಮೊತ್ತ ಬರೆಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಬ್ಯಾಂಕ್ ಸಾಲದ ವಿಷಯದಲ್ಲಿ ನೈಸರ್ಗಿಕ ವಿಕೋಪಕ್ಕೆ ತುತ್ತಾದವರ ಸಾಲದ ಮರುಹೊಂದಾಣಿಕೆಗೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಿವೆ. ಒಬ್ಬೊಬ್ಬರೇ ಶಾಖೆಗೆ ಅಲೆಯುವ ಬದಲು ಸಂಸ್ಥೆಯು ಎಲ್ಲರ ಪಟ್ಟಿ ಮಾಡಿ ಅಗ್ರಣಿ ಬ್ಯಾಂಕಿನ ಮುಂದಿಡುವುದು ಫಲಕಾರಿ. 2018ರಲ್ಲಿ ಕೇರಳ, ಮಾಹೆಗಳೊಡನೆ ಕೊಡಗು ಜಿಲ್ಲೆಯ ವರ್ತಕರಿಗೂ ಜಿಎಸ್‌ಟಿ ವಿವರಣಾ ಪತ್ರಗಳ ಗಡುವನ್ನು ವಿಸ್ತರಿಸಲಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಮೇ ತಿಂಗಳಲ್ಲಿಯೇ ಮಾಡಬೇಕಾದುದು

ಮೇಲೆ ಹೇಳಿದ ಯಾವ ಕೆಲಸವನ್ನೂ ನೆರೆ ಬಂದ ಮೇಲೆ ಕಲಿಯಲಾಗದು. ಮುಂಗಾರಿಗೆ ಮುನ್ನ ಪ್ರತಿ ವರ್ಷ ಸಂಸ್ಥೆಯ ಕಚೇರಿಯಲ್ಲಿ ಈ ಕೆಳಗಿನವು ಸಿದ್ಧವಿರಬೇಕು.

1. ಪಿಕಪ್, ಜೀಪು, ಲಾರಿ, ಜೆಸಿಬಿ ಇರುವ ಸದಸ್ಯರ ಹಾಗೂ ಒಪ್ಪಿದ ಚಾಲಕರ ಪಟ್ಟಿ.

2. ಎತ್ತರದ ಸ್ಥಳದಲ್ಲಿರುವ ಗೋದಾಮು, ಮಂಟಪ, ಅಡಿಗೆ ಪಾತ್ರೆ, ಜನರೇಟರು, ನೀರಿನ ಟ್ಯಾಂಕರುಗಳ ಪಟ್ಟಿ.

3. ಮೂರು ದಿನದ ದಿನಸಿಯನ್ನು ಹಿಂದಿನ ವಾರದ ದರದಲ್ಲಿ ಒದಗಿಸಲು ಒಪ್ಪಿದ ಸಗಟು ವ್ಯಾಪಾರಿಗಳ ಪಟ್ಟಿ.

4. ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ, ಮುದ್ರಿತ ರಶೀದಿ ಮತ್ತು ರವಾನೆ ಪುಸ್ತಕ.

5. ಪ್ರತಿ ಹೋಬಳಿಗೆ ಒಬ್ಬ ಸಂಪರ್ಕ ಸದಸ್ಯ. ವಿದ್ಯುತ್ತು, ದೂರವಾಣಿಗಳು ನಿಂತಾಗ ಯಾರು ಯಾರನ್ನು ಕಂಡು ಸುದ್ದಿ ಮುಟ್ಟಿಸಬೇಕೆಂಬ ಕ್ರಮ.

ಈ ಐದಕ್ಕೂ ಆಗುವ ವೆಚ್ಚ ಒಂದು ಲಾರಿ ಹಳೆ ಬಟ್ಟೆಯ ಸಾಗಾಣಿಕೆ ಬಾಡಿಗೆಗಿಂತ ಕಡಿಮೆ. ಬೇಕಾದುದು ಎರಡು ಸಭೆಗಳ ಸಮಯ ಮತ್ತು ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದುವ ತಾಳ್ಮೆ. ಹೊಳೆಯಾಚೆಯ ಒಂದು ಮನೆಯಲ್ಲಿ ವೃದ್ಧರೊಬ್ಬರು ಔಷಧಕ್ಕಾಗಿ ಕಾಯುತ್ತಿರುವಾಗ, ಅದು ಯಾರ ಅಂಗಡಿಯಲ್ಲಿದೆ, ಯಾರ ಜೀಪಿನಲ್ಲಿ ಹೋಗಬಹುದು, ಯಾವ ದಾರಿ ತೆರೆದಿದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗಬೇಕು. ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಂಡು, ಸದಸ್ಯರೆಲ್ಲರೂ ತಮ್ಮಲ್ಲಿರುವ ವಾಹನ, ಸ್ಥಳ, ದಾಸ್ತಾನುಗಳ ವಿವರವನ್ನು ಬರೆದು ತರಬೇಕೆಂದು ವಿನಂತಿ.